ಟೇಪಿನ ತುದಿ ಹಿಡಿದವನು

ನಗೋದಾದ್ರೆ ಈಗಲೇ ನಕ್ಕುಬಿಡಿ. ಇದು ನಮ್ಮ ಪಕ್ಕದ್ಮನೆ ಗಿಯಾರ್ತೊಗೆ ಆಗಿದ್ದು.

ಅವತ್ತು ಅವನ ಜೊತೆಗಾರ ಸರ್ಪಾನ್‌ನ ಸಾವಿನ ನಲವತ್ತನೇ ದಿನದ ಊಟ. ಮುಗಿಸಿಕೊಂಡು ಗಿಯಾರ್ತೊ ಒಬ್ಬನೇ ಹೊರಟ. ಕೈಯಲ್ಲಿ ಪ್ರಸಾದದ ಬುಟ್ಟಿ. ಸರ್ಪಾನ್‌ನ ತಾಯಿ ಸಕಿನೆಮ್ ಬಲವಂತವಾಗಿ ಕೊಟ್ಟಿದ್ದು. "ನಿಂದೇನೂ ತಪ್ಪಿಲ್ಲ ಕಣೋ, ತಿನ್ನು" ಅಂದಿದ್ದಳು. ಆ ಮಾತು ಕೇಳಿದ್ದೇ ಅವನು ಎದ್ದು ಹೊರಟಿದ್ದ.

ದಾರಿಯಲ್ಲಿ ಒಂದು ಆಲದ ಮರ. ಅದರ ಬುಡದಲ್ಲೇ ಗುಹೆಯ ಬಾಯಿ. ನಮ್ಮ ಗುನುಂಗ್ ಕಿದುಲ್ ಸುಣ್ಣಕಲ್ಲಿನ ಸೀಮೆ, ನೀರೆಲ್ಲ ನೆಲದೊಳಗೇ ಹರಿಯುತ್ತೆ. ಪಂಪು ಎಲ್ಲಿ ಇಳಿಸೋದು ಅಂತ ಗೊತ್ತಾಗಲಿ ಅಂತ ನಲವತ್ತು ದಿನದ ಹಿಂದೆ ಗಿಯಾರ್ತೊ, ಸರ್ಪಾನ್ ಇಬ್ಬರೂ ಒಳಗಿನ ಹೊಳೆ ಅಳೆಯೋಕೆ ಹೋಗಿದ್ದರು.

ತೊಟ್... ತೊಟ್...

ಒಳಗಿಂದ ಹನಿ ಬೀಳೋ ಸದ್ದು. ಆಮೇಲೆ ಮೆಲ್ಲಗೆ,

"ಕಾಂಗ್... ಓದಿದ್ಯಾ?"

ಗಿಯಾರ್ತೊನ ಕಾಲು ಅಲ್ಲೇ ನಿಂತಿತು. ಅವನನ್ನ ಕಾಂಗ್ ಅಂತ, ಅಣ್ಣ ಅಂತ ಹಾಗೆ ಎಳೆದು ಕರೀತಿದ್ದವನು ಸರ್ಪಾನ್ ಒಬ್ಬನೇ.

ಅಳೆಯೋರ ಕಟ್ಟುಪಾಡು ಒಂದಿದೆ. ಮುಂದೆ ಹೋದವನು ಟೇಪಿನ ತುದಿ ಹಿಡಿದು ನಿಲ್ಲಬೇಕು. ಹಿಂದಿನವನು ಅಳತೆ ಓದಿ "ಆಯ್ತು, ಬಿಡು" ಅನ್ನೋವರೆಗೂ ಕದಲಬಾರದು. ಅಳೆಯೋಕೆ ಹೋದ ದಿನ ಮೇಲೆಲ್ಲೋ ಮಳೆಯಾಗಿ ಗುಹೆಯೊಳಗೆ ನೀರು ಗುಡುಗಿತು. ಹಿಂದಿದ್ದ ಗಿಯಾರ್ತೊ ಬಾಯೇ ಬಿಡದೆ ಓಡಿಬಂದ. ಟೇಪು ಹರಿದು ಅರ್ಧ ಅವನ ಕೈಯಲ್ಲಿ ಉಳಿಯಿತು. ಸರ್ಪಾನ್‌ನ ಹೆಣವೂ ಸಿಗಲಿಲ್ಲ. "ಕೂಗಿದೆ, ಅವನು ಬರಲಿಲ್ಲ" ಅಂತ ಊರಿಗೆಲ್ಲ ಹೇಳಿದ. ಊರು ನಂಬಿತು.

"ಲೇ... ಟಾರ್ಚು ಬಿಟ್ಟು ಬಂದಿದ್ದೀಯಲ್ಲೋ."

ಹಿಂದೆ ಸಕಿನೆಮ್. ಏದುಸಿರು ಬಿಡುತ್ತಾ ನಿಂತಿದ್ದಳು. ಅಷ್ಟರಲ್ಲಿ ಮತ್ತೆ...

"ಕಾಂಗ್... ಓದಿದ್ಯಾ? ಕೈ ಮರಗಟ್ಟಿತು..."

ಅವಳಿಗೂ ಕೇಳಿಸಿತು. "ನನ್ನ ಮಗ ಏನು ಕೇಳ್ತಿದ್ದಾನೆ?" ಪಿಸುಗುಟ್ಟಿದಳು.

ಗಿಯಾರ್ತೊಗೆ ತಲೆ ಎತ್ತೋಕಾಗಲಿಲ್ಲ. ಭೂಮಿ ಬಾಯಿಬಿಡಬಾರದೆ ಅನ್ನಿಸಿತು. ಅಲ್ಲೇ ಪಕ್ಕದಲ್ಲಿ ಬಾಯಿಬಿಟ್ಟುಕೊಂಡೇ ಇತ್ತು ನೋಡಿ, ಇಳಿಯೋ ಧೈರ್ಯ ಎಲ್ಲಿತ್ತು.

"ನಾನು ಕೂಗಲೇ ಇಲ್ಲ ಅವ್ವಾ... ಓಡಿಬಂದೆ."

ಬೈತಾಳೆ, ಹೊಡೀತಾಳೆ ಅಂದುಕೊಂಡ. ಹೊಡೆದಿದ್ದರೆ ಎಷ್ಟೋ ಹಗುರಾಗ್ತಿತ್ತು. ಅವಳು ಟಾರ್ಚನ್ನ ಗುಹೆಯ ಬಾಯಿಗೆ ತಿರುಗಿಸಿದಳು.

"ಹಾಗಾದ್ರೆ ಈಗ ಕೂಗು."

ಗಿಯಾರ್ತೊ ಗುಹೆಯೊಳಗೆ ಬಗ್ಗಿ ಕಿರುಚಿದ: "ಆಯ್ತು... ಬಿಡೋ ಸರ್ಪಾನ್!"

ಒಳಗೆ ಸರ್ರ್‌ರ್... ಅಂತ ಕಲ್ಲಿನ ಮೇಲೆ ಟೇಪು ಎಳೆದ ಸದ್ದು. ಟಕ್. ಆಮೇಲೆ ಬರೀ ನೀರು.

ಸಕಿನೆಮ್ ಟಾರ್ಚನ್ನ ಅವನ ಕೈಗೆ ಕೊಟ್ಟಳು. ಬುಟ್ಟಿಯನ್ನ ವಾಪಸ್ಸು ತಗೊಂಡಳು. ಕತ್ತಲಲ್ಲೇ ಮನೆ ಕಡೆ ನಡೆದಳು.

ಅರ್ಧಕ್ಕೆ ಹರಿದ ಆ ಟೇಪು ಗಿಯಾರ್ತೊನ ಜಗಲಿಯ ಮೊಳೆಗೆ ಅಷ್ಟು ದಿನ ನೇತಾಡ್ತಿತ್ತು, ದಿನಾ ನಾವೆಲ್ಲ ನೋಡ್ತಿದ್ದೆವು. ಮಾರನೇ ಬೆಳಿಗ್ಗೆ ಅದು ಪೂರ್ತಿ ಇತ್ತು, ತುದಿಯ ಕಬ್ಬಿಣದ ಕೊಕ್ಕೆ ಸಮೇತ. ನಂಬದಿದ್ರೆ ಬಿಡಿ. ನಾನೇ ಮುಟ್ಟಿ ನೋಡಿದೀನಿ, ಒದ್ದೆ ಇತ್ತು.