ತಾಯಕ್ಕನ ಗುಡಿಸಲು ಕೆಡವಿದ ಬಗ್ಗೆ

ಐಶ್ವರ್ಯ, ತಂದೆ ಹಾಲಸ್ವಾಮಿ, ವಯಸ್ಸು 17 ವರ್ಷ, ಪಿಯುಸಿ ವಿದ್ಯಾರ್ಥಿನಿ, ವಾಸ ಕಂಪ್ಲಿ, ಹೊಸಪೇಟೆ ತಾಲೂಕು. ಈ ದಿನ ಸಂಡೂರಿನ ಠಾಣೆಗೆ ಖುದ್ದು ಹಾಜರಾಗಿ, ತಾಯಿ ಮರುಳಸಿದ್ದಮ್ಮನವರ ಸಮಕ್ಷಮ ಹೇಳಿ ಬರೆಸುವುದೇನೆಂದರೆ:

ಈ ಮೇ ತಿಂಗಳಲ್ಲಿ ಕಮಲಾಪುರದ ಶಾಲೆಯೊಂದರಲ್ಲಿ ನಡೆದ ಸಿನಿಮಾ ತಯಾರಿಕೆಯ ಬೇಸಿಗೆ ಶಿಬಿರಕ್ಕೆ ನಾನು ಸೇರಿದ್ದೆ. ಹೊಸಪೇಟೆಯಲ್ಲಿ ಮದುವೆ ವಿಡಿಯೋ ತೆಗೆಯುವ ಸ್ಟುಡಿಯೋ ನಡೆಸುತ್ತಿರುವ ಮನೋಹರ್ ಸರ್ ನಮಗೆ ಕಲಿಸುತ್ತಿದ್ದರು. ಕೊನೆಗೆ ಒಬ್ಬೊಬ್ಬರೂ ಒಂದು ಚಿಕ್ಕ ಚಿತ್ರ ಮಾಡಬೇಕಿತ್ತು. ಉಳಿದವರು ಹಂಪಿಯ ಗುಡಿಗಳನ್ನು ಆರಿಸಿಕೊಂಡರು. ನಾನು ಅದಿರು ಒಡೆಯುವವರ ಬಗ್ಗೆ ಮಾಡುತ್ತೇನೆಂದು ಹೇಳಿದೆ. ಕಂಪ್ಲಿಯಿಂದ ಬರುವಾಗ ದಾರಿಯುದ್ದಕ್ಕೂ ಅದಿರಿನ ಲಾರಿಗಳನ್ನು ನೋಡಿದ್ದೆನೇ ಹೊರತು ಅದನ್ನು ಒಡೆಯುವವರನ್ನು ನೋಡಿರಲಿಲ್ಲ.

ದಿನಾಂಕ 19ರಂದು ಮನೋಹರ್ ಸರ್ ನನ್ನನ್ನು ಸಂಡೂರು ರಸ್ತೆಯ ಪಕ್ಕದಲ್ಲಿ ಅದಿರು ರಾಶಿ ಹಾಕುವ ಒಂದು ಪ್ಲಾಟಿಗೆ ಕರೆದುಕೊಂಡು ಹೋದರು. ಅಲ್ಲಿ ಸುತ್ತಿಗೆಯಿಂದ ಅದಿರು ಒಡೆಯುತ್ತಿದ್ದ ತಾಯಕ್ಕ ಎಂಬುವರೂ ಅವರ ಮಗಳು, 13 ವರ್ಷದ ವಿರುಪಮ್ಮಳೂ ಪರಿಚಯವಾದರು. ಕ್ಯಾಮೆರಾ ನೋಡಿ ವಿರುಪಮ್ಮ ಮುಖ ತೊಳೆದುಕೊಂಡು ಬರುತ್ತೇನೆಂದಳು. ಚಿತ್ರದಲ್ಲಿ ಚೆನ್ನಾಗಿ ಕಾಣುತ್ತದೆ, ಕೆಂಪು ಧೂಳು ಹಾಗೇ ಇರಲಿ ಎಂದು ನಾನು ತಡೆದೆ. ತಾಯಕ್ಕ ನಕ್ಕು, “ಇರ್ಲಿ ಬಿಡವ್ವ, ತೊಳದ್ರೂ ಸಂಜಿಗೆ ಹಂಗ ಆಕೈತಿ” ಎಂದರು.

ಇಷ್ಟು ಚಿಕ್ಕವಳು ಕೆಲಸ ಮಾಡುವುದನ್ನು ಸರಕಾರದವರು ನೋಡುವುದಿಲ್ಲವೇ ಎಂದು ನಾನು ಕೇಳಿದೆ. ವಿರುಪಮ್ಮ ಕ್ಯಾಮೆರಾ ಕಡೆ ನೋಡುತ್ತಾ, “ಸಾಹೇಬ್ರು ಬರೋ ದಿನ ಜಡೆಪ್ಪ ನಮ್ಮನ್ನ ಗುಡ್ಡಕ್ಕ ಕಳಸ್ತಾನ. ಜೀಪು ಹೋದಮ್ಯಾಲೆ ಇಳದು ಬರ್ತೀವಿ” ಎಂದಳು. ಜಡೆಪ್ಪ ಎಂದರೆ ಆ ಪ್ಲಾಟಿನ ಮೇಸ್ತ್ರಿ. ಅವನು ಆ ದಿನ ಅಲ್ಲಿರಲಿಲ್ಲ, ನಾನು ಅವನ ಮುಖ ನೋಡಿರಲಿಲ್ಲ. ಚಿತ್ರ ಮುಗಿದ ಮೇಲೆ ಇಲ್ಲೇ ತಂದು ತೋರಿಸುತ್ತೇನೆಂದು ಅವರಿಬ್ಬರಿಗೂ ಮಾತು ಕೊಟ್ಟು ಬಂದೆ.

ದಿನಾಂಕ 27, ಭಾನುವಾರ ಸಂಜೆ 5 ಗಂಟೆಗೆ ಹೊಸಪೇಟೆಯ ಒಂದು ಸಭಾಂಗಣದಲ್ಲಿ ಎಲ್ಲರ ಚಿತ್ರಗಳನ್ನು ತೋರಿಸಿದರು. ನನ್ನ ಚಿತ್ರದಲ್ಲಿ ವಿರುಪಮ್ಮಳ ಮಾತು ಮುಗಿದಾಗ ಸಭೆಯವರು ಬಹಳ ಹೊತ್ತು ಚಪ್ಪಾಳೆ ತಟ್ಟಿದರು. ಹೊರಗೆ ಬಂದಾಗ ಬಿಳಿ ಅಂಗಿಯ, ಎಡಗೈಗೆ ಬೆಳ್ಳಿ ಕಡಗ ಹಾಕಿದ್ದ, ಸುಮಾರು ನಲವತ್ತು ವರ್ಷದ ವ್ಯಕ್ತಿಯೊಬ್ಬ ನನ್ನ ಹತ್ತಿರ ಬಂದು, “ಮಸ್ತ್ ತಗದೀಯವ್ವ. ಆ ಹುಡುಗಿ ಎಲ್ಲಿ ಇರ್ತಾಳ? ಸಾಲಿಗೆ ಹಚ್ಚೋಣು” ಎಂದನು. ಹೆಸರು ಕೇಳಿದಾಗ ಹೇಳಲಿಲ್ಲ. ನಾನು ಪ್ಲಾಟು ಯಾವುದೆಂದು, ನೀರಿನ ಟ್ಯಾಂಕಿನ ಮಗ್ಗುಲ ಮೂರನೇ ಗುಡಿಸಲೆಂದು ಹೇಳಿದೆ. ಚಿತ್ರದಿಂದ ಅಂದೇ ಒಳ್ಳೆಯದಾಯಿತೆಂದು ಖುಷಿಯಾಗಿ, ಚಿತ್ರ ನೋಡಲು ಬಂದಿದ್ದ ತಾಯಿಗೂ ಕಂಪ್ಲಿಗೆ ಹೋಗುವ ಬಸ್ಸಿನಲ್ಲಿ ಹೇಳಿದೆ.

ದಿನಾಂಕ 29ರಂದು ಮನೋಹರ್ ಸರ್ ತಮ್ಮ ವ್ಯಾನಿನಲ್ಲಿ ಟಿವಿ ಮತ್ತು ಪ್ಲೇಯರ್ ಹಾಕಿಕೊಂಡು ನನ್ನನ್ನು ಪ್ಲಾಟಿಗೆ ಕರೆದೊಯ್ದರು. ಬೆಳಿಗ್ಗೆ 11 ಗಂಟೆಗೆ ತಲುಪಿದೆವು. ಮೂರನೇ ಗುಡಿಸಲು ಇರಲಿಲ್ಲ. ಟಾರ್ಪಾಲು, ಗಳ, ಪಾತ್ರೆಗಳು ಅದಿರು ತುಂಬುವ ಲೋಡರ್ ಯಂತ್ರದ ಚಕ್ರಕ್ಕೆ ಸಿಕ್ಕು ಮಣ್ಣಿನಲ್ಲಿ ಸೇರಿಹೋಗಿದ್ದವು. ತಾಯಕ್ಕ ಟ್ಯಾಂಕಿನ ನೆರಳಿನಲ್ಲಿ ಕುಳಿತಿದ್ದರು. ವಿರುಪಮ್ಮಳ ಬಲಗೈಗೆ ಕಟ್ಟಿಗೆ ಇಟ್ಟು ಸೀರೆಯ ತುಂಡಿನಿಂದ ಬಿಗಿದಿದ್ದರು. ಉಳಿದ ಆಳುಗಳು ತಲೆ ಎತ್ತದೆ ಅದಿರು ಒಡೆಯುತ್ತಿದ್ದರು.

ಹಿಂದಿನ ದಿನ ಮಧ್ಯಾಹ್ನ ಜಡೆಪ್ಪ ತನ್ನ ಕಡೆಯ ಇಬ್ಬರು ಗಂಡಸರನ್ನೂ ಒಂದು ಲೋಡರನ್ನೂ ಕರೆತಂದು, “ಕ್ಯಾಮೆರಾ ಮುಂದ ಭಾಳ ಮಾತಾಡ್ತೀಯಂತ, ಈಗ ಮಾತಾಡಲೇ” ಎಂದು ವಿರುಪಮ್ಮಳನ್ನು ಬೈದು ಗುಡಿಸಲು ಕೆಡವಿಸಿದನೆಂದೂ, ಒಲೆಯ ಮೇಲಿದ್ದ ಅನ್ನ ತರಲು ಅವಳು ಒಳಗೆ ಓಡಿದಾಗ ಗಳ ಮುರಿದು ಕೈಮೇಲೆ ಬಿದ್ದಿತೆಂದೂ ತಾಯಕ್ಕ ತಿಳಿಸಿದರು. ಅವನ ಚಹರೆ ಕೇಳಿದೆ. ಎಡಗೈಯ ಕಡಗದ ಸಂಗತಿ ಅವರು ಹೇಳಿದಾಗ, ಸಭಾಂಗಣದ ಹೊರಗೆ ಮಾತಾಡಿಸಿದವನು ಅವನೇ ಎಂದು ನನಗೆ ತಿಳಿಯಿತು.

ತಾಯಕ್ಕ, “ಅವನ ಕೈಕೆಳಗ ನಾಕು ಪ್ಲಾಟು ಅದಾವು. ನೇರ ನಮ್ಮ ಗುಡಿಸಲಿಗೇ ಹೆಂಗ ಬಂದ?” ಎಂದು ಕೇಳಿದರು. ಮನೋಹರ್ ಸರ್ ನನ್ನ ಕಡೆ ನೋಡಿದರು. ನಾನೇ ಹೇಳಿದೆನೆಂದು ಹೇಳಿದೆ. ತಾಯಕ್ಕ ಬೈಯಲಿಲ್ಲ. “ಮತ್ಯಾರಿಗರ ಹೇಳೀಯೇನವ್ವ?” ಎಂದಷ್ಟೇ ಕೇಳಿದರು. ಇಲ್ಲವೆಂದೆ.

ಕೂಡಲೇ ಇಬ್ಬರನ್ನೂ ವ್ಯಾನಿನಲ್ಲಿ ಸಂಡೂರಿನ ಆಸ್ಪತ್ರೆಗೆ ಕರೆತಂದೆವು. ಎರಡು ಕಡೆ ಮೂಳೆ ಮುರಿದಿದೆಯೆಂದು ಹೇಳಿ ವೈದ್ಯರು ಪಟ್ಟಿ ಹಾಕಿ, ರಾತ್ರಿ ಅಲ್ಲೇ ಇರಿಸಿಕೊಂಡರು. ವಿರುಪಮ್ಮ ಅಳಲಿಲ್ಲ. ಟಿವಿಯನ್ನು ಯಾಕೆ ತಂದಿದ್ದೀರೆಂದು ಕೇಳಿದಳು. ದೂರು ಕೊಡೋಣ ಬನ್ನಿ ಎಂದು ಮನೋಹರ್ ಸರ್ ಕರೆದಾಗ ತಾಯಕ್ಕ, “ಬ್ಯಾಡ್ರಿ ಸರ. ನಮ್ಮ ಹೆಸರು ಇನ್ನ ಎಲ್ಲೂ ಬರೋದು ಬ್ಯಾಡ” ಎಂದರು.

ರಾತ್ರಿ ಮನೆಯಲ್ಲಿ ವಿಷಯ ತಿಳಿಸಿದೆ. ತಂದೆಯವರು, “ನೀ ಠಾಣಿಗೆ ಹೋದ್ರ ಆ ಹುಡುಗಿ ಕೈ ಕೂಡತೈತೇನು? ಸುಮ್ನ ಕುಂದ್ರು” ಎಂದು ಹೇಳಿ ಊಟ ಬಿಟ್ಟು ಎದ್ದರು. ಈ ದಿನ ಬೆಳಿಗ್ಗೆ ತಾಯಿಯವರು, ಹೋಗೋಣ ನಡೆ ಎಂದಷ್ಟೇ ಹೇಳಿ ಅವರಿಗೆ ತಿಳಿಸದೆ ನನ್ನ ಜೊತೆ ಬಂದರು. ಮೊದಲು ಆಸ್ಪತ್ರೆಗೆ ಹೋದೆವು. ಹಾಸಿಗೆ ಖಾಲಿ ಇತ್ತು. ತಾಯಿ ಮಗಳು ನಸುಕಿನಲ್ಲೇ ಎದ್ದು ಹೋದರೆಂದೂ, ಯಾವ ಊರಿಗೆಂದು ಹೇಳಲಿಲ್ಲವೆಂದೂ ನರ್ಸ್ ತಿಳಿಸಿದರು. ಪ್ಲಾಟಿನಲ್ಲಿ ವಿಚಾರಿಸಿದಾಗ, ಅಂಥ ಹೆಸರಿನವರು ಇಲ್ಲಿ ಇರಲೇ ಇಲ್ಲವೆಂದು ಆಳುಗಳು ಹೇಳಿದರು.

ಈ ಹೇಳಿಕೆ ಬರೆಯುವಾಗ, ವಿಳಾಸ ಹೇಳಿದ್ದು ನಾನೇ ಎಂಬ ಮಾತನ್ನು ಬಿಟ್ಟು ಬರೆಯಿರೆಂದು ತಾಯಿಯವರು ಕೇಳಿಕೊಂಡರು. ಅದನ್ನು ಬಿಟ್ಟರೆ ಜಡೆಪ್ಪನನ್ನು ನಾನು ಹೇಗೆ ಗುರುತಿಸುತ್ತೇನೆಂದು ಯಾರಿಗೂ ತಿಳಿಯುವುದಿಲ್ಲವಾದ್ದರಿಂದ ಹಾಗೆಯೇ ಬರೆಸಿದ್ದೇನೆ. ಅವನನ್ನು ಎದುರಿಗೆ ತಂದು ನಿಲ್ಲಿಸಿದರೆ ಗುರುತಿಸುತ್ತೇನೆ. ಗಾಯಗೊಂಡವರ ಹೆಸರಿಲ್ಲದೆ ದೂರು ದಾಖಲಾಗುವುದು ಕಷ್ಟವೆಂದು ಠಾಣೆಯವರು ತಿಳಿಸಿದ್ದರಿಂದ ತಾಯಕ್ಕ ಮತ್ತು ವಿರುಪಮ್ಮ ಎಂಬ ಹೆಸರುಗಳನ್ನು ಕೊಟ್ಟಿದ್ದೇನೆ. ಇದಕ್ಕೆ ಅವರ ಒಪ್ಪಿಗೆ ಪಡೆದಿಲ್ಲ. ಕೇಳಲು ಅವರು ಎಲ್ಲಿದ್ದಾರೆಂದು ನನಗೆ ಗೊತ್ತಿಲ್ಲ.

ನಾನು ಹೇಳಿದಂತೆಯೇ ಬರೆದಿರುತ್ತಾರೆ. ಓದಿಸಿ ಕೇಳಿದೆನು, ಸರಿ ಇದೆ.

ಸ್ಥಳ: ಸಂಡೂರು
ದಿನಾಂಕ: 30-05-2007, ಮಧ್ಯಾಹ್ನ 2.40

ಸಹಿ: ಐಶ್ವರ್ಯ
ಸಮಕ್ಷಮ: ಮರುಳಸಿದ್ದಮ್ಮ (ತಾಯಿ)