ಹೆಬ್ಬಟ್ಟಿನ ದಫ್ತರ

...ಅಳಬ್ಯಾಡಂತ ಎಷ್ಟ ಸಲ ಹೇಳ್ಲಿಬೇ? ನೀ ಅಳಾಕ ಕುಂತ್ರ ನಾ ಅರ್ಜಿ ಹೆಂಗ ಬರೀಲಿ? ಕಣ್ಣ ಒರಿಸ್ಕೊ. ಚಾ ಕುಡಿ. ಬುಡ್ಡೇಸಾಬ ನಿನಗಂತನ ಸಕ್ಕರಿ ಜಾಸ್ತಿ ಹಾಕಿ ಕಳಿಸ್ಯಾನ. ಬ್ಯಾಡ? ಹೋಗ್ಲಿ ಬಿಡು, ಆರಲಿ.

ನೀ ಏನೂ ಹೇಳಬ್ಯಾಡ, ನಾನ ಹೇಳ್ತೀನಿ. ಇಪ್ಪತ್ತಾರು ವರ್ಷ ಆತು ಈ ಕಸಬಿಗೆ. ಮೊದಲ ವಿಜಯಪುರ ಕಚೇರಿ ಮುಂದ, ಟಿಕೋಟಾ ತಾಲೂಕ ಆದ ಮ್ಯಾಲೆ ಇಲ್ಲಿ, ಈ ಬೇವಿನ ಗಿಡದ ಬುಡಕ. ಅರ್ಜಿ ಚಂದ್ರಕಾಂತಗ ಗೊತ್ತಿಲ್ಲದ ಸುದ್ದಿ ಇನ್ನ ಹುಟ್ಟಿಲ್ಲ. ಕೇಳು. ನೀ ಕಳ್ಳಕವಟಗಿ ಊರಿನ ಭೀಮಾಬಾಯಿ. ಗಂಡಸ ಮಕ್ಕಳು ಇಬ್ಬರು. ಹಿರಿಯಾಂವ ಶ್ರೀಮಂತ, ಊರು ಬಿಟ್ಟು ಇಪ್ಪತ್ತೆರಡು ದಿನ ಆತು, ಪತ್ತೆ ಇಲ್ಲ. ಸಣ್ಣಾಂವ ಸಿದ್ದರಾಯ, ನಿನ್ನೆ ಮುಂಜಾನೆ ಪೊಲೀಸರು ಜೀಪಿನ್ಯಾಗ ಹಾಕ್ಕೊಂಡು ಹೋಗ್ಯಾರ. ಅಣ್ಣನ್ನ ಏನರೆ ಮಾಡ್ಯಾನಂತ ಅವರ ಗುಮಾನಿ. ಹೌದಿಲ್ಲೋ?... ಹೂಂ. ತಲಿ ಅಲ್ಲಾಡಿಸಿದ್ರೂ ನಡೀತೈತಿ, ನಾ ಬರ್ಕೊತೀನಿ.

ಜಗಳದ್ದೂ ಬರದ್ನಿ. ಯಾಕ ಹಂಗ ನೋಡ್ತಿ? ಅದನ್ನ ಮುಚ್ಚಿಟ್ರ ಪೊಲೀಸರ ತಗೀತಾರ. ಕಸ ಸುಡೂ ಔಷಧ ಹೊಡದ ಪಂಪು, ತೊಳೀಲಾರದ ಹಂಗ ಒಯ್ದು ತಮ್ಮನ ದ್ರಾಕ್ಷಿ ಪಡಾಕ್ಕ ಹೊಡದ ನಿನ್ನ ಶ್ರೀಮಂತ. ಮೂರು ದಿನದಾಗ ಹೊಸಾ ಚಿಗುರೆಲ್ಲಾ ಸುಟ್ಟು ಕರ್ರಗ! ಸಿದ್ದರಾಯಗ ಸಿಟ್ಟು ಬರೂದ ಮತ್ತ. ಊರ ಮುಂದ ನಿಂತು ‘ಇನ್ನ ನಿನ್ನ ಮಾರಿ ನನಗ ತೋರಿಸಬ್ಯಾಡ’ ಅಂದ. ಆ ಮಾತು ಶ್ರೀಮಂತನ ಎದಿಗೇ ಬಡೀತು. ಈ ಬಾಕಿನ ಮ್ಯಾಲೆ ಕುಂತು ಎಷ್ಟ ಅತ್ತ ಅಂದ್ರ...

ಎಲ್ಲರೆ ಕುಂತು ಅತ್ತಿರಬೇಕು ಅಂದ್ನಿ. ಅತ್ತಿರಬೇಕು. ಗಂಡಸರು ಅಳೂದಿಲ್ಲೇನು?

ಈಗ ಆ ಮೆಸೇಜಿನ ವಿಷಯ. ಅದ ಇದ್ರಾಗ ಮುಖ್ಯ. ಒಟ್ಟು ಎರಡು ಮೆಸೇಜು. ಒಂದು ಅಂವ ಹೋದ ದಿನ, ಇನ್ನೊಂದು ಎಂಟು ದಿನ ಬಿಟ್ಟು. ಎರಡೂ ಅವನ ಫೋನಿನಿಂದ ಹೆಂಡ್ತಿ ಚಂದ್ರಕಲಾನ ಫೋನಿಗಿ. ಎರಡೂ ಸಲ ಟಿಕೋಟಾದ ಟವರ್. ಆಮ್ಯಾಲೆ ಫೋನು ಬಂದ್. ಚಂದ್ರಕಲಾ ಪೊಲೀಸರಿಗೆ ತೋರಿಸಿದ್ಳು, ಅವರಿಂದ ಯಾರಿಗೆ ಹೋತೋ ಏನೋ, ಈಗ ಇಡೀ ತಾಲೂಕಿನ ಫೋನಿನ್ಯಾಗ ಅದ ಐತಿ. ನಿನಗ ಯಾರರೆ ಓದಿ ಹೇಳ್ಯಾರಿಲ್ಲೋ? ನಾ ಓದ್ತೀನಿ ಕೇಳು:

‘ನಾನು ಸ್ವಸಂತೋಷದಿಂದ ಊರು ಬಿಟ್ಟು ಹೊರಟಿರುತ್ತೇನೆ. ಯಾರೂ ಹುಡುಕತಕ್ಕದ್ದಲ್ಲ. ನನ್ನ ಪಾಲಿನ ಹೊಲ ಹಾಗೂ ದ್ರಾಕ್ಷಿ ಪಡವನ್ನು ಇನ್ನು ಮುಂದೆ ನನ್ನ ತಮ್ಮ ಸಿದ್ದರಾಯನೇ ಸಾಗುವಳಿ ಮಾಡಿಕೊಂಡು ಹೋಗತಕ್ಕದ್ದು.’

ಆಹಾ!... ಏನಬೇ? ಬರವಣಿಗಿ ಚಲೋ ಐತಿ ಅಂದ್ನಿ ಅಷ್ಟ. ಚಲೋ ಇದ್ದದ್ದಕ್ಕ ಚಲೋ ಅನಬಾರದ? ಮೂರ ಸಾಲಿನ್ಯಾಗ ಮನಿ, ಮಂದಿ, ಹೊಲ ಎಲ್ಲಾ ಮುಗಿಸ್ಯಾನ! ಇಂಥಾ ಬರವಣಿಗಿ ಈಗಿನ ವಕೀಲರ ಕೈಲೂ ಆಗೂದಿಲ್ಲ.

ಪೊಲೀಸರ ಲೆಕ್ಕ ಏನು ಗೊತ್ತೇನು? ಶ್ರೀಮಂತ ಸಾಲಿ ಮೆಟ್ಟಲ ಹತ್ತಿದಾಂವ ಅಲ್ಲ. ಫೋನಿನ್ಯಾಗ ಮಾತಾಡ್ತಾನ, ಇಲ್ಲಾ ಮಾತು ರೆಕಾರ್ಡ್ ಮಾಡಿ ಕಳಸ್ತಾನ, ಒಂದ ಅಕ್ಷರ ಒತ್ತಾಕ ಬರೂದಿಲ್ಲ. ಅಂದ್ರ ಫೋನು ಬ್ಯಾರೆಯವರ ಕೈಯಾಗ ಐತಿ. ಯಾರ ಕೈಯಾಗ? ಹೊಲ ಯಾರಿಗೆ ಬರ್ತೈತೋ ಅವನ ಕೈಯಾಗ! ಸಿದ್ದರಾಯ ಪಿಯುಸಿ ಪಾಸು, ಜಗಳ ಆಡ್ಯಾನ, ಹೊಲ ಅವಂಗ. ಆತಲ್ಲ, ಜೀಪು ತಯಾರು.

ಮಂದಿ ಬಾಯಿ ಅಂತೂ ಕೇಳಬ್ಯಾಡ. ಬುಡ್ಡೇಸಾಬನ ಹೋಟೆಲ್ಲಿನ್ಯಾಗ ಎಂಟು ದಿನದಿಂದ ಇದ ನಡದೈತಿ. ಅಂವ ಸೊಲ್ಲಾಪುರದ ಗ್ಯಾಂಗು ಅಂತಾನ. ಯಾವ ಗ್ಯಾಂಗು, ಎದಕ್ಕ ಗ್ಯಾಂಗು, ಕೇಳಿದ್ರ ಚಾ ಸೋಸಕೋತ ನಿಂದ್ರತಾನ. ಅಥಣಿ ರಸ್ತೆಯಿಂದ ದಿನಾ ಬಸ್ಸಿಗೆ ಬರ್ತಾನಲ್ಲ, ಬ್ಯಾಂಕಿನ ಮಿಲಿಂದ, ಅಂವ ಇನ್ನೂ ಶಾಣ್ಯಾ. ‘ಹುಡುಕಬ್ಯಾಡ್ರಿ ಅಂತ ಬರದ್ರ ನೂರಕ್ಕ ನೂರು ಕೊಲಿ’ ಅಂತ. ಯಾವುದೋ ವಿಡಿಯೋದಾಗ ನೋಡ್ಯಾನಂತ. ಎಲ್ಲಾರೂ ಆ ಮೆಸೇಜ್ ಹಿಗ್ಗಿಸಿ ಹಿಗ್ಗಿಸಿ ನೋಡ್ತಾರ, ನಾಯಿ ಎಲುಬು ನೋಡಿದಂಗ. ಕಡಿಗೆ ನನ್ನ ಕೇಳಿದ್ರು. ನಾ ಅಂದ್ನಿ, ಇದು ಹುಡುಗರ ಕೆಲಸ ಅಲ್ಲಪಾ, ಬರದಾಂವ ಕಾಯ್ದೆ ತಿಳದಾಂವ, ವಯಸ್ಸಾದಾಂವ, ಕೈ ಪಳಗಿದಾಂವ ಅಂತ. ಒಬ್ಬರೂ ಕಿವಿಗೆ ಹಾಕ್ಕೊಳ್ಳಲಿಲ್ಲ! ಎದುರಿಗೆ ಕುಂತಿದ್ನಿ, ಒಬ್ಬನರೆ...

ಇರಲಿ ಬಿಡು.

ಹಾಂ? ಯಾಕ ಕೈ ಮುಗೀತಿ? ಅದನ್ನ ಅರ್ಜಿಯಾಗ ಬರಿ ಅಂತೀ? ‘ಇದು ಸಿದ್ದರಾಯ ಬರದದ್ದಲ್ಲ’ ಅಂತ? ಅದು ಖರೇ, ಆ ಹುಡುಗ ಸಾಯೂತನಕ ಬರದ್ರೂ ಅವಂಗ ‘ಸ್ವಸಂತೋಷ’ ಬರೂದಿಲ್ಲ. ಆದ್ರ ಅದು ಪುರಾವೆ ಆಗಾಂಗಿಲ್ಲಬೇ. ಹಂಗಾರ ಬರದಾಂವ ಯಾರು ಅಂತ ಕೇಳ್ತಾರ. ಕೇಳಿದ್ರ... ಯಾರ ಹೆಸರು ಹೇಳಾಕ ಬರ್ತೈತಿ? ಪೊಲೀಸರ ಬಾಯಿಗೆ ಬಿದ್ರ ಬಡವರ ಗತಿ ಏನು? ಕಾಲು ಹಿಡೀಬ್ಯಾಡ. ಏಳು, ಏಳು. ಮಂದಿ ನೋಡಾಕತ್ತಾರ.

ಎರಡನೇದ್ದು ಓದ್ತೀನಿ. ‘ನಾನು ಕ್ಷೇಮವಾಗಿರುತ್ತೇನೆ. ತಾಯಿಯವರು ಬಿ.ಪಿ. ಗುಳಿಗೆಗಳನ್ನು ತಪ್ಪದೇ ಸೇವಿಸತಕ್ಕದ್ದು.’ ನೋಡಿದ್ಯಾ, ಮತ್ತ ಅತ್ತಿ! ಕೊಲಿ ಮಾಡಿದಾಂವ ಯಾರರೆ ಗುಳಿಗಿ ನೆನಪ ಮಾಡ್ತಾನೇನು? ಅದಕ್ಕೂ ಸಾಹೇಬರು ತಯಾರು. ಗುಳಿಗಿ ವಿಷಯ ಮನಿಯವರಿಗಷ್ಟ ಗೊತ್ತು, ಅದಕ್ಕ ಸಿದ್ದರಾಯನ ಅಂತಾರ. ನನಗೂ ಆ ಗುಳಿಗಿ ಬಣ್ಣ ಸುದ್ದಾ... ಊರಿಗೇ ಗೊತ್ತೈತಿ ಬಿಡು.

ನಾಪತ್ತೆ ಆದವನ ಗುರುತು ಒಂದು ಬರೀಬೇಕು. ಏನೈತಿ ಗುರುತು? ನಿನ್ನ ಹೆಬ್ಬಟ್ಟು ಯಾಕ ತೋರಸ್ತಿ? ಹಾಂ, ಶ್ರೀಮಂತನ ಹೆಬ್ಬಟ್ಟು. ಎಡಗೈದು. ಬಳ್ಳಿ ಕತ್ತರಿಸೂ ಮುಂದ ಕತ್ತರಿ ಬಡದು ತುದಿ ಹೋಗೇತಿ, ನಡುವ ಅಡ್ಡ ಗಾಯ. ನೀನ ಅರಿಷಿಣ ಒತ್ತಿ ಕಟ್ಟಿದ್ದಿ, ಅಲ್ಲ? ಬರದ್ನಿ.

ಮುಗೀತು. ಇನ್ನ ಹೆಬ್ಬಟ್ಟು ಒತ್ತು. ಅರ್ಜಿ ಮ್ಯಾಲೆ ಒಂದು, ಇಕಾ ಈ ದಫ್ತರದಾಗ ಒಂದು. ಇದು ನನ್ನ ಪದ್ಧತಿ. ಯಾರಿಗೆ ಏನ ಬರದ್ರೂ, ಅರ್ಜಿ ಇರಲಿ, ಕಾಗದ ಇರಲಿ, ಒಂದ ಸಾಲು ಇರಲಿ, ತಾರೀಖು ಹಾಕಿ ನಕಲು ಬರದು ಬಾಜೂಕ ಹೆಬ್ಬಟ್ಟು ತಗೋತೀನಿ. ನಾಳೆ ‘ನಾ ಹಂಗ ಹೇಳಿಲ್ಲ’ ಅಂತ ನನ್ನ ಮ್ಯಾಲೆ ಬರಬಾರದು ನೋಡು. ಮಸಿ ಸರಿಯಾಗಿ ಹಚ್ಚಕೊ. ಇಲ್ಲೆ ಒತ್ತು, ನನ್ನ ತೋರಬಳ್ಳ ಇಟ್ಟಲ್ಲಿ.

ಇಲ್ಲೆಬೇ, ಇಲ್ಲೆ... ಹಿಂದಿನ ಹಾಳಿ ಯಾಕ ತಿರುವತಿ? ಅದು ಬ್ಯಾರೆಯವರದು. ನಿನಗ ಓದಾಕ ಬರ್ತೈತೇನು? ಇಲ್ಲಲ್ಲ? ಮತ್ತ?

ಬಳ್ಳ ತಗಿ.

ಭೀಮಾಬಾಯಿ, ಬಳ್ಳ ತಗಿ ಅಂದ್ನಿ. ಅದು ಯಾರದೋ ಹೆಬ್ಬಟ್ಟು. ಹೆಬ್ಬಟ್ಟೆಲ್ಲಾ ಒಂದ ನಮೂನಿ ಇರ್ತಾವ. ಅರ್ಧ ಮೂಡೇತಿ ಅಂದ್ರ ಮಸಿ ಕಡಿಮಿ ಆಗಿರಬೇಕು. ಅಡ್ಡ ಗೆರಿ... ಹಾಳಿ ಮಡಚಿರಬೇಕು. ಎರಡೂ ಹೆಬ್ಬಟ್ಟಿನ ಕಡಿ ಮಡಚೇತಿ, ಹೌದು, ಏನೀಗ?

ಮಾತಾಡು. ಬೈಯೂದಿದ್ರ ಬೈ. ಹಿಂಗ ಸುಮ್ಮ ನೋಡಕೋತ ಕುಂಡ್ರಬ್ಯಾಡ.

...ಬದುಕ್ಯಾನ. ಆತಾ? ನಿನ್ನ ಮಗ ಬದುಕ್ಯಾನ. ಬಬಲೇಶ್ವರದ ಕಡೆ ಒಬ್ಬರ ಪಡಾದಾಗ ಕೂಲಿ ಮಾಡಾಕತ್ತಾನ. ಎರಡೂ ಸಲ ಇಲ್ಲೇ ಬಂದಿದ್ದ, ನೀ ಕುಂತ ಬಾಕಿನ ಮ್ಯಾಲೇ ಕುಂತಿದ್ದ. ಅವನ ಫೋನಿನ್ಯಾಗ ನಾನ ಒತ್ತಿ ಕಳಿಸಿದ್ನಿ. ಯಾರಿಗೂ ಹೇಳಬ್ಯಾಡಂತ ನಿನ್ನ ಆಣಿ ಹಾಕಿಸಿದ್ದ. ಎಂಟ ದಿನಕ್ಕ ಸಿಟ್ಟ ಇಳಿದು ತಾನ ಮನಿಗೆ ಹೋಗ್ತಾನ ಅಂದ್ಕೊಂಡಿದ್ನಿ. ತಮ್ಮನ್ನ ಹಿಡದದ್ದು ಅವಂಗ ಗೊತ್ತಿಲ್ಲ, ಫೋನು ಹಚ್ಚಿಲ್ಲ ಅಂವ. ನನಗ ನಿನ್ನೇನ ಗೊತ್ತಾತು. ಹೋಗ್ಬೇಕಂದ್ನಿ. ಸ್ಟೇಷನ್ ಮೆಟ್ಟಲತನಕ ಹೋಗಿದ್ನಿ, ಖರೇ. ಹಂಗ ತಿರುಗಿ ಬಂದ್ನಿ.

ಆಣಿ ಸಲುವಾಗಿ ಅಂದ್ಕೊಂಡಿಯಾ? ನಂಬಬ್ಯಾಡ. ನೀ ಹಂಗ ನೋಡಬ್ಯಾಡ, ಹೇಳ್ತೀನಿ...

ಹೊಲದ ಮಾತು ಅಂವ ಹೇಳಿದ್ದಲ್ಲ.

‘ಹೊಂಟೇನಿ, ಹುಡುಕಬ್ಯಾಡ್ರಿ’, ಇಷ್ಟ ಅಂದ ನಿನ್ನ ಮಗ. ಬರೇ ಇಷ್ಟ. ಇಷ್ಟ ಬರದು ಕಳಿಸೂದಂದ್ರ... ಬೋಳ ಬೋಳ ಅನಿಸ್ತು ನನಗ. ಇಪ್ಪತ್ತಾರು ವರ್ಷದಾಗ ಹೊಲದ ಮಾತಿಲ್ಲದ ಕಾಗದ ನನ್ನ ಕೈಯಿಂದ ಹೋಗಿಲ್ಲ. ‘ಹೊಲದ್ದು ಏನರೆ ಬರೀಲ್ಯಾ?’ ಅಂತ ಕೇಳಿದ್ನಿ. ಅಂವ ಸುಮ್ಮನಿದ್ದ, ಈಗ ನೀ ಕುಂತಿಯಲ್ಲ, ಹಿಂಗ. ಸುಮ್ಮನಿದ್ದಾನಂದ್ರ ಒಪ್ಪಿಗಿ ಐತಿ ಅಂತ ನಾನ ಸೇರಿಸಿದ್ನಿ. ಚಂದ ಕಾಣಲಿ ಅಂತ! ಆ ಒಂದ ಸಾಲು ನಿನ್ನ ಸಣ್ಣ ಮಗನ್ನ ಒಳಗ ಹಾಕಿಸ್ತು. ಇಲ್ಲಿ ಕುಂತು ನಾ ಅದಕ್ಕ ಆಹಾ ಅಂದ್ನಿ.

ಹೊಸಾ ಹಾಳಿ ತಗೋತೀನಿ. ಬರೀತೀನಿ ತಡಿ. ‘ಸದರಿ ಹೊಲದ ಸಾಲನ್ನು ಅರ್ಜಿ ಬರಹಗಾರನಾದ ಚಂದ್ರಕಾಂತನು ತನ್ನ ಸ್ವಸಂತೋಷದಿಂದ...’ ಬ್ಯಾಡ? ಹರೀಬ್ಯಾಡಬೇ, ಹರೀಬ್ಯಾಡ, ಬ್ಯಾರೆ ಬರೀತೀನಿ. ‘ಇದನ್ನು ನಾನು ಬರೆದೆ. ಸಿದ್ದರಾಯ ಬರೆದಿಲ್ಲ.’ ಇಷ್ಟ. ಸಾಕಾ?... ಹೂಂ, ತಲಿ ಅಲ್ಲಾಡಿಸಿದಿ.

ನಡಿ, ಸ್ಟೇಷನ್ನಿಗೆ ನಾನ ಬರ್ತೀನಿ. ದಫ್ತರ ನೀನ ಹಿಡ್ಕೊ, ನನ್ನ ಕೈಯಾಗ ಕೊಡಬ್ಯಾಡ, ದಾರಿಯಾಗ ಮತ್ತ ತಿರುಗಿ ಬಂದೇನು...

ಯಾಕಬೇ? ನನ್ನ ಕೈ ಯಾಕ ಹಿಡದಿ? ಮಸಿ ಡಬ್ಬಿ ಯಾಕ ಈ ಕಡಿ ತರ್ತಿ? ಬಿಡು... ಎಲ್ಲಾರೂ ನೋಡಾಕತ್ತಾರ... ಭೀಮಾಬಾಯಿ, ಬಿಡು, ನನಗ ಸಹಿ ಮಾಡಾಕ ಬರ್ತೈತಿಬೇ...