ಚಂದ್ರನ ಬೆನ್ನು ನೋಡಲು ಹೋದ ಕೊಪ್ಪರಿಗೆ

ದೀಪ ಸ್ವಲ್ಪ ಸಣ್ಣಗೆ ಮಾಡಿ. ಹೂಂ, ಅಷ್ಟು ಸಾಕು. ಇದು ಯಾರೋ ಎಲ್ಲೋ ಕೇಳಿ ಬಂದು ಹೇಳಿದ್ದಲ್ಲ. ನಮ್ಮ ದೊಡ್ಡಪ್ಪನ ಮಗನಿಗೇ ಆದದ್ದು. ತಾಮ್ರದ ಕೆಲಸದವನು ಅವನು. ಬೀದಿಯವರೆಲ್ಲ ಕರೆಯೋದೇ ತಾಮ್ರಣ್ಣ ಅಂತ.

ಅವತ್ತು ಅಂಗಡಿ ಮುಚ್ಚೋದು ತಡವಾಯ್ತು. ಮನೆಗೆ ಹೋಗೋ ಸಂದಿಯಲ್ಲಿ ಒಂದು ಹಾಳುಬಾವಿ. ಯಾರೂ ಬೀಳದಿರಲಿ ಅಂತ ಹಲಗೆ ಮುಚ್ಚಿದ್ದರು, ಒಂದು ಹಲಗೆ ಸರಿದಿತ್ತು. ಸುತ್ತ ನರಪಿಳ್ಳೆ ಇಲ್ಲ. ಬಾವಿ ದಾಟಿ ಸ್ವಲ್ಪ ಮುಂದೆ ಹೋಗಿರಬೇಕು...

ಟಣ್.

ನಿಂತ.

ಟಣ್... ಟಣ್.

ಕಲ್ಲಿಗೆ ಕಲ್ಲು ಬಡಿದ ಸದ್ದಲ್ಲ. ನೀರಿಗೆ ಏನೋ ಬಿದ್ದದ್ದೂ ಅಲ್ಲ. ದಪ್ಪ ತೊಗಲು ಸುತ್ತಿದ ಬೆರಳಿನ ಗೆಣ್ಣಿಂದ ತಾಮ್ರದ ತಗಡು ತಟ್ಟಿದರೆ ಬರುತ್ತಲ್ಲ, ಮೊದಲು ಮೊಂಡು, ಅದರ ಹಿಂದೆಯೇ ಸಣ್ಣ ಗುಂಯ್... ಅದು. ಬಾವಿಯೊಳಗಿಂದ ಬರ್ತಿತ್ತು. ತಾಮ್ರಣ್ಣ ತಿರುಗಿ ಬಾವಿಯ ಹತ್ತಿರ ಬಂದ. ಆ ಸದ್ದನ್ನು ಹಿಂದೆ ಒಂದೇ ಸಲ ಕೇಳಿದ್ದ. ಎಲ್ಲಿ ಅಂತ ಹೇಳ್ತೀನಿ, ಆಗ ನಿಮಗೆ ಗೊತ್ತಾಗುತ್ತೆ.

ಅವನೂ ಅವನ ತಂಗಿಯ ಗಂಡನೂ ಆಕಾಶಕ್ಕೆ ಹೋಗಿದ್ದರು. ನಗಬೇಡಿ... ಎರಡು ದೊಡ್ಡ ಕೊಪ್ಪರಿಗೆ ಬಾಯಿಗೆ ಬಾಯಿ ಸೇರಿಸಿ ಬೆಸುಗೆ ಹಾಕಿ, ಸಂದಿಗೆಲ್ಲ ಮೇಣ ಮೆತ್ತಿ, ಕೆಳಗೆ ಸಿಡಿಮದ್ದಿನ ಪೀಪಾಯಿ ಕಟ್ಟಿದವನು ತಾಮ್ರಣ್ಣ. ತಂಗಿಯ ಗಂಡ ತೊಗಲು ಹೊಲಿಯೋನು. ಕಡ್ಡಿಯಂಥ ಮೈ, ಅದಕ್ಕೇ ಅವನಿಗೆ ಸೂಜಿ ಅಂತ ಹೆಸರು. ಗಾಳಿ ತುಂಬಿಡೋ ಚೀಲಗಳು, ಹೊರಗೆ ಇಳಿಯೋಕೆ ಅಡಿಯಿಂದ ಮುಡಿಯವರೆಗೆ ತೊಗಲಿನ ಉಡುಪು, ಎಲ್ಲ ಅವನ ಕೈಕೆಲಸ.

"ಚಂದ್ರನ ಮುಖ ಎಲ್ಲರೂ ನೋಡಿದಾರೆ ಕಣೇ, ನಾವು ಬೆನ್ನು ನೋಡ್ಕೊಂಡು ಬರ್ತೀವಿ" ಅಂತ ಹೆಂಡತಿಗೆ ಹೇಳಿ ಹತ್ತಿದ ಸೂಜಿ. ಅವಳು ಅಣ್ಣನ ಕಡೆ ತಿರುಗಿ, "ಹೋದ ಹಾಗೇ ಇಬ್ರೂ ಬನ್ನಿ" ಅಂದಳು.

ನೋಡಿದರು ಕೂಡ. ಅಂಗೈ ಅಗಲದ ಗಾಜಿಗೆ ಇಬ್ಬರೂ ಕೆನ್ನೆಗೆ ಕೆನ್ನೆ ಒತ್ತಿಕೊಂಡು.

"ಬರೀ ಗುಂಡಿ ಭಾವ! ನಮ್ಮ ಬೀದಿನೇ ನೋಡಿದ ಹಾಗಿದೆ" ಅಂತ ಸೂಜಿ ಹೊಟ್ಟೆ ಹಿಡ್ಕೊಂಡು ನಕ್ಕ.

ವಾಪಸು ಬರುವಾಗ ಬೆಸುಗೆ ಬಿಡ್ತು. ಸ್‌ಸ್‌ಸ್... ಗಾಳಿ ಹೊರಗೆ ಹೋಗ್ತಾ ಇದೆ. ಮೇಣ ಹೊರಗಿನಿಂದಲೇ ಮೆತ್ತಬೇಕು. "ಉಡುಪು ನನ್ನ ಅಳತೆದು, ನಾನೇ ಹೋಗ್ತೀನಿ" ಅಂದ ಸೂಜಿ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ. ಮುಚ್ಚಳ ತೆಗೆದು ಮತ್ತೆ ಮುಚ್ಚೋ ಅಷ್ಟರಲ್ಲಿ ಒಳಗಿದ್ದ ಗಾಳಿಯೆಲ್ಲ ಖಾಲಿ. ತಾಮ್ರಣ್ಣ ಒಂದು ಗಾಳಿಚೀಲ ಬಿಚ್ಚಿ ಉಸಿರು ಎಳ್ಕೊಂಡ. ಇನ್ನು ಉಳಿದದ್ದು ಒಂದೇ ಚೀಲ.

ಸ್ವಲ್ಪ ಹೊತ್ತಿಗೆ ಬುಸುಗುಟ್ಟೋದು ನಿಂತಿತು. ಮೆತ್ತಿದ್ದ. ಆಮೇಲೆ ಮುಚ್ಚಳದ ಮೇಲೆ... ಟಣ್. ಟಣ್... ಟಣ್.

ತೆಗೆದರೆ ಉಳಿದ ಚೀಲವೂ ಬೇಕು. ಊರು ಮುಟ್ಟೋ ತನಕ ಇಬ್ಬರಿಗೆ ಉಸಿರಿಲ್ಲ. ತಾಮ್ರಣ್ಣ ಚಿಲಕದ ಮೇಲೆ ಕೈ ಇಟ್ಟ. ಇಟ್ಟ, ಅಷ್ಟೇ. ತಟ್ಟೋದು ನಿಧಾನವಾಯ್ತು. ಆಮೇಲೆ ನಿಂತೇ ಹೋಯ್ತು. ಅವನು ಒಳಗಿನ ಗಂಟು ಬಿಚ್ಚಿ ಹಗ್ಗ ಬಿಟ್ಟುಬಿಟ್ಟ.

ಕೆಳಗೆ ಬಂದು, ಹಗ್ಗ ಹರೀತು ಅಂದ. ಎಲ್ಲರೂ ನಂಬಿದರು. ಅದೇ ಅವನನ್ನು ಒಳಗಿಂದೊಳಗೇ ತಿಂದದ್ದು. ಚಹಾ ಅಂಗಡಿಗೆ ಹೋದರೆ ಹಿರಿಯರೂ ಎದ್ದು ಬೆಂಚು ಬಿಡೋರು. ತಂಗಿ ಕರೆದು ಊಟಕ್ಕೆ ಕೂರಿಸಿ, "ನೀನಾದ್ರೂ ಬಂದ್ಯಲ್ಲ ಅಣ್ಣಾ" ಅನ್ನೋಳು. ತಲೆ ಎತ್ತದೆ ಕೈ ತೊಳೆದು ಎದ್ದು ಬರೋನು.

ಈಗ ಬಾವಿಯ ಮುಂದೆ ನಿಂತಿದ್ದಾನೆ.

"ಭಾವ..."

ಉಸಿರಿನಷ್ಟೇ ದನಿ.

"ಯಾರು?" ಗೊತ್ತಿದ್ದೂ ಕೇಳಿದ.

"ನಾನೇ. ಗಾಬರಿ ಆಗ್ಬೇಡಿ... ಒಂದು ಮಾತು ಕೇಳ್ಬೇಕಿತ್ತು."

ತೂತು ಬಿದ್ದ ಕುಲುಮೆಯ ತಿದಿ ಒತ್ತಿದ ಹಾಗೆ, ಮಾತಿನ ನಡುವೆ... ಫುಸ್... ಫುಸ್...

"ಚಿಲಕ ಹಿಮ ಕಟ್ಟಿ ಹಿಡ್ಕೊಂಡಿತ್ತು, ಅಲ್ವಾ ಭಾವ? ಎಳೆದೂ ಎಳೆದೂ ನಿಮ್ಮ ಕೈ ಸುಲಿದು ಹೋಗಿರುತ್ತೆ. ನಾನು ಬೇರೆ ತಟ್ಟಿ ತಟ್ಟಿ ನಿಮಗೆ ಹಿಂಸೆ ಕೊಟ್ಟೆ... ಬೇಜಾರು ಮಾಡ್ಕೋಬೇಡಿ."

ಬೈದಿದ್ದರೆ ತಡ್ಕೊಳ್ತಿದ್ದ. ಕತ್ತು ಹಿಸುಕೋಕೆ ಬಂದಿದ್ದರೂ ನಿಂತಿರ್ತಿದ್ದ. ಇದನ್ನು ಹೇಗೆ ತಡ್ಕೊಳ್ಳೋದು? ಕತ್ತಲಲ್ಲೇ ಅಂಗೈ ಸವರಿಕೊಂಡ. ಒಂದು ಗೀರೂ ಇಲ್ಲ.

"ಹೂಂ" ಅಂದ. "ಹಿಡ್ಕೊಂಡಿತ್ತು."

ಕೇಳಿದಿರಾ? ಸತ್ತವನಿಗೂ ಸುಳ್ಳು ಹೇಳಿದ.

"ನಾನು ಹಾಗೇ ಅಂದ್ಕೊಂಡೆ..." ದನಿಗೆ ಸಮಾಧಾನ ಆದ ಹಾಗಿತ್ತು. "ಸರಿ ಭಾವ. ನೀವು ಮನೆಗೆ ಹೋಗಿ, ಹೊತ್ತಾಯ್ತು."

ಅಷ್ಟೇ. ಬಾವಿ ಸುಮ್ಮನಾಯ್ತು.

ತಾಮ್ರಣ್ಣ ಮನೆಗೆ ಹೋಗಲಿಲ್ಲ. ಸೀದಾ ತಂಗಿಯ ಮನೆ ಬಾಗಿಲಿಗೆ ಹೋದ.

"ಇಷ್ಟೊತ್ತಲ್ಲಿ ಏನಣ್ಣಾ? ಒಳಗೆ ಬಾ."

ಹೋಗಲಿಲ್ಲ. ಹೊಸ್ತಿಲ ಹೊರಗೇ ನಿಂತು ಹೇಳಿದ. "ಹಗ್ಗ ಹರೀಲಿಲ್ಲ ಕಣಮ್ಮ. ಅವನು ವಾಪಸು ಬಂದು ಮುಚ್ಚಳ ತಟ್ಟಿದ. ನಾನು ತೆಗೀಲಿಲ್ಲ."

ಅವಳು ಕಿರುಚಲಿಲ್ಲ. ಒಂದೇ ಮಾತು ಕೇಳಿದಳು.

"ಎಷ್ಟು ಹೊತ್ತು ತಟ್ಟಿದ್ರು?"

"ತುಂಬಾ ಹೊತ್ತು."

ಬಾಗಿಲು ಹಾಕಿಕೊಂಡಳು. ಸದ್ದಾಗದ ಹಾಗೆ. ಚಿಲಕ ಮಾತ್ರ ಕಟ್ ಅಂತು. ತಾಮ್ರಣ್ಣ ತಟ್ಟೋಕೆ ಕೈ ಎತ್ತಿದವನು, ಹಾಗೇ ಇಳಿಸಿದ.

ಬೆಳಗ್ಗೆ ಚಹಾ ಅಂಗಡಿಯಲ್ಲಿ ಎಲ್ಲರ ಮುಂದೆಯೂ ಹೇಳಿದ. ಯಾರೂ ಬೈಯಲಿಲ್ಲ. ಅವನಿಗೆ ಬೆಂಚು ಬಿಡೋದು ನಿಲ್ಲಿಸಿದರು, ಅಷ್ಟೇ. ಈಗಲೂ ನಿಂತುಕೊಂಡೇ ಚಹಾ ಕುಡೀತಾನೆ. ತಂಗಿ ಅವತ್ತಿಂದ ಅವನ ಜೊತೆ ಮಾತಾಡಿಲ್ಲ.

ಇನ್ನೊಂದು ಇದೆ. ಇದನ್ನು ಅವನು ನೋಡಿಲ್ಲ, ನಾನು ನೋಡಿದ್ದು. ಅದೇ ಬೆಳಗ್ಗೆ ತಂಗಿ ಕೂಗಿದಳು ಅಂತ ಅವಳ ಹಿತ್ತಲಿಗೆ ಓಡಿದೆ. ಬಟ್ಟೆ ಒಣಹಾಕೋ ತಂತಿಯ ಮೇಲೆ ಸೂಜಿಯ ನೀಲಿ ಅಂಗಿ. ಅವಳು ಹಾಕಿದ್ದಲ್ಲ. ಆಕಾಶಕ್ಕೆ ಹೋಗುವಾಗ ತೊಗಲಿನ ಉಡುಪಿನ ಒಳಗೆ ತೊಟ್ಟಿದ್ದು, ಅದೇ. ಹಲಗೆಯಂತೆ ಸೆಟೆದಿತ್ತು, ಮೈತುಂಬ ಹಿಮ. ಕಡುಬೇಸಿಗೆ, ನೆಲದ ಕಲ್ಲು ಕಾಲು ಸುಡ್ತಿತ್ತು. ಆದರೂ ಸಂಜೆವರೆಗೆ ಒಂದು ಹನಿ ತೊಟ್ಟಿಕ್ಕಲಿಲ್ಲ. ಮುಟ್ಟಿದವನು ನಾನೇ ಸ್ವಾಮಿ, ಬೆರಳಿನ ಚರ್ಮ ಅಂಟಿಕೊಂಡು ಕಿತ್ತು ಬಂತು.

ಗಾಳಿಗೆ ಹಾರಿ ಹೋಗದ ಹಾಗೆ ಎರಡೂ ಹೆಗಲಿಗೆ ಕ್ಲಿಪ್ಪು ಹಾಕಿತ್ತು.